ಕೈ ಹಿಡಿದದ್ದೂ ಕೈ ಬಿಟ್ಟದ್ದೂ

ನಮ್ಮ ಭಾಷೆಯಲ್ಲಿ ಕೈ ಹಿಡಿಯುವುದೆಂದರೆ ಮದುವೆಯಾಗುವುದು. ಕೈ ಬಿಡುವುದೆಂದರೆ ದ್ರೋಹ ಮಾಡುವುದು. ಒಂದು ಪುಣ್ಯದ ಮಾತು, ಇನ್ನೊಂದು ಪಾಪದ ಮಾತು. ಚಿಕ್ಕಂದಿನಿಂದ ಹೀಗೆಯೇ ಕೇಳಿ ಬೆಳೆದವನು ನಾನು. ಕೈ ಬಿಡುವುದರಲ್ಲಿಯೂ ಒಂದು ಪುಣ್ಯವಿರಬಹುದೆಂಬುದನ್ನು ನನಗೆ ತೋರಿಸಿಕೊಟ್ಟದ್ದು ಒಂದು ಹಿಂದೀ ಸಿನಿಮಾ. ಅದನ್ನು ಮೊದಲನೆಯ ಸಲ ನೋಡಿದಾಗ ಈ ಅರ್ಥ ನನಗೆ ಹೊಳೆಯಲಿಲ್ಲ. ಹದಿನೇಳು ವರ್ಷಗಳು ಕಳೆದು ಎರಡನೆಯ ಸಲ ನೋಡಿದಾಗಲೂ ತಾನಾಗಿ ಹೊಳೆಯಲಿಲ್ಲ. ಪಕ್ಕದಲ್ಲಿ ಕುಳಿತಿದ್ದವರು ಹೇಳಬೇಕಾಯಿತು. ಗಂಭೀರರಾದ ವಾಚಕರ ಮುಂದೆ ಇದನ್ನು ಒಪ್ಪಿಕೊಳ್ಳುವುದಕ್ಕೆ ಸಂಕೋಚವಾಗುತ್ತದೆ. ಆದರೂ ಹೆಣ್ಣುಮಕ್ಕಳ ತಂದೆಯರು ನಮ್ಮ ಓದುಗರಲ್ಲಿ ಅನೇಕರಿರುವುದರಿಂದ ಹೇಳಿಬಿಡುವುದೇ ಲೇಸು.

ನಾನು ಸಿನಿಮಾ ನೋಡುವ ಚಟವುಳ್ಳವನಲ್ಲ. ಹಿಂದೀ ಪ್ರಚಾರ ಸಭೆಯ ಮಧ್ಯಮಾ ಪರೀಕ್ಷೆಯವರೆಗೆ ಓದಿ, ಆ ಭಾಷೆಯನ್ನು ಬಲ್ಲೆನೆಂಬ ಭ್ರಮೆಯನ್ನು ಮಾತ್ರ ಸಂಪಾದಿಸಿದ್ದೆನು. 1996ನೆಯ ಇಸವಿಯ ಬೇಸಗೆಯ ರಜೆಯಲ್ಲಿ, ಆಗ ಹನ್ನೊಂದು ವರ್ಷದವಳಾಗಿದ್ದ ನಮ್ಮ ಮಗಳು ಹಟ ಹಿಡಿದಳು. ಊರಿಗೆಲ್ಲ ಊರೇ ನೋಡಿ ಬಂದಿದ್ದ ಚಿತ್ರ ಅದು. ಅದರ ಹಾಡುಗಳು ಹೋಟಲಿನಿಂದಲೂ ಬಸ್ಸಿನಿಂದಲೂ ಬಂದು ಕಿವಿಗೆ ಬೀಳುತ್ತಿದ್ದುವು. ಹೆಸರು ಉದ್ದ: ‘ದಿಲ್‌ವಾಲೇ ದುಲ್ಹನಿಯಾ ಲೇ ಜಾಯೇಂಗೇ’. ಎದೆಗಾರನಾದವನು ವಧುವನ್ನು ಕರೆದೊಯ್ಯುವನು ಎಂದು ಅದರ ತಾತ್ಪರ್ಯ. ಹೆಸರನ್ನು ಕೇಳಿಯೇ ನನಗೆ ಅಸಮಾಧಾನವಾಗಿತ್ತು. ಕರೆದೊಯ್ಯುವವನ ಕಥೆಯೆಂದರೆ ಓಡಿಸಿಕೊಂಡು ಹೋಗುವವನ ಕಥೆಯೇ ಇರಬೇಕೆಂದು ಊಹಿಸಿದೆನು. ಹನ್ನೊಂದು ವರ್ಷದ ಹುಡುಗಿಗೆ ಅದೇನು ಪಾಠ? ಆದರೂ ಮನೆಯಾಕೆಯೂ ಮಗಳ ಪಕ್ಷವನ್ನು ವಹಿಸಿದುದರಿಂದ ಮೂವರೂ ಹೋದೆವು.

ಊಹೆ ತಪ್ಪಾಯಿತು. ಮೂರು ಗಂಟೆಗೂ ಮೀರಿದ ಆ ಚಿತ್ರದ ಕೊನೆಗೆ ನನ್ನ ಕಣ್ಣು ಒದ್ದೆಯಾಗಿದ್ದಿತು.

ಕಥೆಯನ್ನು ಬಲ್ಲವರು ಬಹಳ ಮಂದಿ. ಅರಿಯದವರಿಗಾಗಿ ಸಂಕ್ಷೇಪವಾಗಿ ಹೇಳುತ್ತೇನೆ. ಪಂಜಾಬಿನಿಂದ ಹೋಗಿ ಲಂಡನ್ನಿನಲ್ಲಿ ಅಂಗಡಿಯಿಟ್ಟುಕೊಂಡಿರುವ ಬಲದೇವಸಿಂಗ್ ಎಂಬ ಗೃಹಸ್ಥ. ಟ್ರಫಾಲ್ಗರ್ ಚೌಕದಲ್ಲಿ ಪಾರಿವಾಳಗಳಿಗೆ ಕಾಳು ಹಾಕುತ್ತ, ಎಂದಾದರೊಂದು ದಿನ ತಾನೂ ತನ್ನ ನೆಲಕ್ಕೆ ಹಿಂದಿರುಗಿ ಹೋಗುವೆನೆಂದು ಕನಸು ಕಾಣುವವನು. ಹಿರಿಯ ಮಗಳು ಸಿಮ್ರನ್. ಅವಳನ್ನು ಊರಿನ ಗೆಳೆಯನ ಮಗ ಕುಲಜೀತನಿಗೆ ಕೊಡುವೆನೆಂದು ಎಂದೋ ಮಾತಾಗಿದೆ. ಆ ಮಾತನ್ನು ನೆನಪಿಸುವ ಕಾಗದ ಪಂಜಾಬಿನಿಂದ ಬರುತ್ತದೆ. ಹುಡುಗಿ ಒಪ್ಪುತ್ತಾಳೆ, ಆದರೆ ಮದುವೆಗೆ ಮೊದಲು ಒಂದು ತಿಂಗಳು ಗೆಳತಿಯರೊಡನೆ ಯೂರೋಪಿನ ಪ್ರವಾಸ ಮಾಡಿ ಬರಲು ತಂದೆಯ ಅನುಮತಿಯನ್ನು ಬೇಡುತ್ತಾಳೆ. ತನ್ನದೆನ್ನಬಹುದಾದ ಒಂದು ತಿಂಗಳು. ಆ ಪ್ರವಾಸದಲ್ಲಿ ರಾಜ್ ಎಂಬ ಪೋಲಿ ಹುಡುಗನ ಪರಿಚಯವಾಗಿ, ಜಗಳವಾಗಿ, ರೈಲು ತಪ್ಪಿ, ಪ್ರೀತಿ ಬೆಳೆಯುತ್ತದೆ. ಮನೆಗೆ ಬಂದು ತಾಯಿಯೊಡನೆ ಹೇಳಿಕೊಳ್ಳುವಾಗ ತಂದೆ ಮರೆಯಲ್ಲಿ ನಿಂತು ಕೇಳಿಬಿಡುತ್ತಾನೆ. ಕೂಡಲೇ ಸಂಸಾರವನ್ನೆಲ್ಲ ಕಟ್ಟಿಕೊಂಡು ಪಂಜಾಬಿಗೆ ಹೊರಡುತ್ತಾನೆ. ರಾಜನೂ ಹಿಂದೆಯೇ ಬರುತ್ತಾನೆ. ಕದ್ದು ಹೋಗೋಣವೆಂದು ಹುಡುಗಿಯೇ ಹೇಳಿದರೂ ಅವನು ಒಪ್ಪುವುದಿಲ್ಲ. ಅವಳ ತಂದೆ ತಾನಾಗಿಯೇ ಅವಳ ಕೈಯನ್ನು ತನ್ನ ಕೈಯಲ್ಲಿಟ್ಟರೆ ಮಾತ್ರ ಕರೆದುಕೊಂಡು ಹೋಗುವೆನೆಂಬುದು ಅವನ ಪಣ. ಗುರುತನ್ನು ಮರೆಸಿ ಮದುವೆಯ ಮನೆಯಲ್ಲಿಯೇ ಸೇರಿಕೊಂಡು ಎಲ್ಲರ ಸೇವೆಯನ್ನೂ ಮಾಡುತ್ತಾನೆ.

ಕೊನೆಯಲ್ಲಿ ಗುಟ್ಟು ರಟ್ಟಾಗುತ್ತದೆ. ಏಟು ತಿಂದು ಅವನು ಹೊರಟುಹೋಗುತ್ತಾನೆ. ರೈಲುನಿಲ್ದಾಣದಲ್ಲಿ ಹೊಡೆದಾಟ, ರಕ್ತ, ಗಾಡಿ ಚಲಿಸತೊಡಗುತ್ತದೆ. ಓಡಿಬಂದ ಮಗಳ ಮಣಿಕಟ್ಟನ್ನು ತಂದೆ ಹಿಡಿದು ನಿಂತಿದ್ದಾನೆ. ಅವಳು ಬಿಡಿಸಿಕೊಳ್ಳಲಾರದೆ ಅಳುತ್ತಿದ್ದಾಳೆ. ಗಾಡಿಯ ಬಾಗಿಲಿನಲ್ಲಿ ರಾಜ್ ನಿಂತಿದ್ದಾನೆ. ತಟ್ಟನೆ ತಂದೆಯ ಬೆರಳುಗಳು ಸಡಿಲುತ್ತವೆ. ಹೋಗು, ನಿನ್ನ ಬಾಳನ್ನು ನೀನು ಬಾಳು, ಎಂಬ ಅರ್ಥದ ಮಾತನ್ನಾಡಿ ಅವಳನ್ನು ಬಿಟ್ಟುಕೊಡುತ್ತಾನೆ. ಒಂದು ಕೈ ಬಿಟ್ಟಿತು, ಇನ್ನೊಂದು ಕೈ ಹಿಡಿಯಿತು. ಈ ದೃಶ್ಯವನ್ನು ತೆಗೆದದ್ದು ಪಂಜಾಬಿನಲ್ಲಲ್ಲ, ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಆಪ್ಟಾ ಎಂಬ ಚಿಕ್ಕ ನಿಲ್ದಾಣದಲ್ಲಿ ಎಂದು ಆಮೇಲೆ ತಿಳಿಯಿತು. ಅದರಿಂದ ನನ್ನ ಕಣ್ಣೀರಿಗೇನೂ ಕುಂದುಂಟಾಗಲಿಲ್ಲ.

ಇದನ್ನು ನಿರ್ದೇಶಿಸಿದವನು ಆದಿತ್ಯ ಚೋಪ್ರಾ. ಯಶ್ ಚೋಪ್ರಾ ಅವರ ಮಗ. ಆಗಿನ್ನೂ ಇಪ್ಪತ್ತೈದು ತುಂಬದ ತರುಣ. ಅವನಿಗೆ ಇದು ಮೊದಲನೆಯ ಚಿತ್ರ. ಶಾರುಖ್ ಖಾನ್ ಮತ್ತು ಕಾಜೋಲ್ ನಾಯಕ ನಾಯಿಕೆಯರು. ತಂದೆಯಾಗಿ ಅಮರೀಶ್ ಪುರಿ, ತಾಯಿಯಾಗಿ ಫರೀದಾ ಜಲಾಲ್. 1995ನೆಯ ಅಕ್ಟೋಬರ್ 20ರಂದು ತೆರೆಕಂಡ ಈ ಚಿತ್ರ ಮುಂಬಯಿಯ ಮರಾಠಾ ಮಂದಿರ ಎಂಬ ಚಿತ್ರಮಂದಿರದಲ್ಲಿ ಸಾವಿರ ವಾರಗಳನ್ನು ಮೀರಿ ನಡೆಯಿತು. 2015ರಲ್ಲಿ ನಿಲ್ಲಿಸಹೊರಟಾಗ ಜನ ಬಿಡಲಿಲ್ಲ. 2025ರಲ್ಲಿ ಮೂವತ್ತು ವರ್ಷ ತುಂಬಿದಾಗಲೂ ಅಲ್ಲಿ ಪ್ರದರ್ಶನ ನಡೆಯುತ್ತಲೇ ಇದ್ದಿತು. ಒಂದು ಕಥೆಯನ್ನು ಒಂದು ಜನಾಂಗ ಇಷ್ಟು ಕಾಲ ಮತ್ತೆ ಮತ್ತೆ ಕೇಳಬಯಸಿತೆಂದರೆ, ಆ ಜನಾಂಗದ ಎದೆಯಲ್ಲಿ ಆರದ ಯಾವುದೋ ಹುಣ್ಣನ್ನು ಅದು ಸವರುತ್ತಿರಬೇಕು.

ಹುಣ್ಣು ಯಾವುದೆಂಬುದು ಗುಟ್ಟೇನಲ್ಲ. ನಮ್ಮ ಮನೆಗಳಲ್ಲಿ ಪ್ರೀತಿಯೂ ಬೇಕು, ತಂದೆತಾಯಿಗಳೂ ಬೇಕು. ಎರಡೂ ಕೂಡಿ ಬರುವುದು ಅಪರೂಪ. ಮೊದಲಿನ ಹಿಂದೀ ಚಿತ್ರಗಳು ಇದಕ್ಕೆ ಎರಡೇ ಮದ್ದನ್ನು ಬಲ್ಲವಾಗಿದ್ದುವು: ಓಡಿಹೋಗುವುದು, ಇಲ್ಲವೆ ಸಾಯುವುದು. 1973ರ ‘ಬಾಬಿ’ಯಲ್ಲಿ ಪ್ರೇಮಿಗಳು ಮನೆಬಿಟ್ಟು ಓಡಿದರು. 1981ರ ‘ಏಕ್ ದೂಜೇ ಕೇ ಲಿಯೇ’ಯಲ್ಲಿಯೂ 1988ರ ‘ಕಯಾಮತ್ ಸೇ ಕಯಾಮತ್ ತಕ್’ನಲ್ಲಿಯೂ ಸತ್ತರು. ಈ ಹುಡುಗನಾದರೋ ಓಡಲೂ ಇಲ್ಲ, ಸಾಯಲೂ ಇಲ್ಲ. ಬಾಗಿಲಲ್ಲಿ ನಿಂತು ಕಾದನು. ಮಗಳನ್ನು ಪಡೆದ ತಂದೆಯ ಅಭಿಮಾನಕ್ಕೆ ಇದಕ್ಕಿಂತ ಸವಿಯಾದ ಉಪಚಾರವುಂಟೆ? ನಾನು ಪೂರ್ಣವಾಗಿ ಸೋತೆನು. ಮನೆಗೆ ಬರುವ ದಾರಿಯಲ್ಲಿ ಮಗಳಿಗೆ, “ನೋಡಿದೆಯಾ ಪುಟ್ಟೀ, ಒಳ್ಳೆಯ ಮಕ್ಕಳು ಹೀಗಿರಬೇಕು. ಹಿರಿಯರ ಮನಸ್ಸನ್ನು ಗೆದ್ದು ಮುಂದಕ್ಕೆ ಹೋಗಬೇಕು” ಎಂದು ಉಪದೇಶ ಮಾಡಿದೆನು. ಮುಂದೆಯೂ, ನೆಂಟರಲ್ಲಿ ಯಾರ ಮನೆಯ ಹುಡುಗಿಯಾದರೂ ತಾನೇ ವರನನ್ನು ಆರಿಸಿಕೊಂಡ ಸುದ್ದಿ ಬಂದರೆ, ಈ ಚಿತ್ರವನ್ನೇ ದೃಷ್ಟಾಂತವಾಗಿ ಹೇಳುತ್ತಿದ್ದೆನು. ಮನೆಯಾಕೆ ಏನನ್ನೂ ಹೇಳುತ್ತಿರಲಿಲ್ಲ.

ಈ ವಿಷಯದಲ್ಲಿ ನಮ್ಮ ಅಳತೆಗೋಲು ಎರಡು ಬಗೆಯದೆಂಬುದನ್ನು ಇಲ್ಲಿಯೇ ಹೇಳಬೇಕು. ರುಕ್ಮಿಣೀಕಲ್ಯಾಣದ ಹರಿಕಥೆಯನ್ನು ಎಷ್ಟು ಭಕ್ತಿಯಿಂದ ಕೇಳುತ್ತೇವೆ! ಅಣ್ಣನು ಶಿಶುಪಾಲನನ್ನು ಗೊತ್ತುಮಾಡಿದ್ದಾನೆ. ಮದುವೆಯ ಚಪ್ಪರ ಎದ್ದಿದೆ. ಹುಡುಗಿಯು ಒಬ್ಬ ಬ್ರಾಹ್ಮಣನ ಮೂಲಕ ತಾನು ಮೆಚ್ಚಿದವನಿಗೆ ಸಂದೇಶವನ್ನು ಕಳುಹಿಸಿ, ದೇವಿಯ ಗುಡಿಗೆ ಬರುವ ಹೊತ್ತಿನಲ್ಲಿ ತನ್ನನ್ನು ಒಯ್ಯೆಂದು ಬೇಡುತ್ತಾಳೆ. ಅವನು ಒಯ್ಯುತ್ತಾನೆ. ನಾವು ಮಂಗಳಾರತಿ ಎತ್ತುತ್ತೇವೆ. ಅದೇ ಕೆಲಸವನ್ನು ಎದುರುಮನೆಯ ಹುಡುಗಿ ಮಾಡಿದರೆ ಮೂರು ತಿಂಗಳು ಆ ಮನೆಯವರ ಮುಖ ನೋಡುವುದಿಲ್ಲ. ಸುಭದ್ರೆಯ ವಿಷಯದಲ್ಲಿ ಕೃಷ್ಣನೇ ಉಪಾಯ ಹೇಳಿಕೊಟ್ಟನು. ತಾನು ಆಶ್ರಮದಲ್ಲಿಲ್ಲದಾಗ ಶಕುಂತಲೆ ವರಿಸಿದುದನ್ನು ಕಣ್ವನು ಬಂದು ಒಪ್ಪಿ ಹರಸಿದನು. ಎಲ್ಲಕ್ಕಿಂತ ಆಶ್ಚರ್ಯ ಅಶ್ವಪತಿಯದು. ನಿನಗೆ ಅನುರೂಪನಾದವನನ್ನು ನೀನೇ ಹುಡುಕಿಕೊಂಡು ಬಾ ಎಂದು ಸಾವಿತ್ರಿಯನ್ನು ರಥದಲ್ಲಿ ಕಳುಹಿಸಿದವನು ಅವಳ ತಂದೆಯೇ! ಅವಳು ಆರಿಸಿ ಬಂದ ಸತ್ಯವಂತನಿಗೆ ಒಂದೇ ವರ್ಷದ ಆಯುಸ್ಸೆಂದು ನಾರದರು ಹೇಳಿದಾಗ, ಬೇರೊಬ್ಬನನ್ನು ಹುಡುಕಿಕೋ ಎಂದನು. ಅವಳು ಒಪ್ಪದಿರಲು ತಾನು ಒಪ್ಪಿದನು. ಸಾವಿತ್ರಿಯ ಪಾತಿವ್ರತ್ಯವನ್ನು ಹೆಣ್ಣುಮಕ್ಕಳಿಗೆ ಎಲ್ಲರೂ ಹೇಳಿಕೊಡುತ್ತೇವೆ. ಅಶ್ವಪತಿಯ ಗುಣವನ್ನು ಗಂಡಸರಿಗೆ ಯಾರೂ ಹೇಳಿಕೊಡುವುದಿಲ್ಲ.

ನನ್ನ ಪರೀಕ್ಷೆ 2011ರಲ್ಲಿ ಬಂದಿತು. ಮಗಳು ಓದು ಮುಗಿಸಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಳು. ನನ್ನ ಬಾಲ್ಯದ ಗೆಳೆಯನೊಬ್ಬನ ಮಗನಿಗೆ ಅವಳನ್ನು ಕೊಡಬೇಕೆಂದು ನಮ್ಮಿಬ್ಬರೊಳಗೆ ಅರ್ಧ ಮಾತಾಗಿದ್ದಿತು. ಆ ವಿಷಯವನ್ನೆತ್ತಿದ ಸಂಜೆ ಅವಳು ತಲೆ ತಗ್ಗಿಸಿಕೊಳ್ಳದೆಯೇ, ತನ್ನೊಡನೆ ಕೆಲಸಮಾಡುವ ಒಬ್ಬನನ್ನು ಮದುವೆಯಾಗಲು ಮನಸ್ಸಿದೆಯೆಂದೂ, ಅವನು ನಮ್ಮ ಜಾತಿಯವನಲ್ಲವೆಂದೂ ಹೇಳಿದಳು. ನನ್ನ ಗೆಳೆಯನ ಮಗನಲ್ಲಿ ಏನು ಕೊರತೆಯೆಂದು ಕೇಳಿದೆನು. “ಏನೂ ಇಲ್ಲ ಅಪ್ಪ, ಅವನು ಒಳ್ಳೆಯವನೇ. ಒಳ್ಳೆಯವರನ್ನೆಲ್ಲ ಮದುವೆಯಾಗುವುದಕ್ಕಾಗುತ್ತದೆಯೇ?” ಎಂದಳು.

ಇಲ್ಲಿ ಸಿನಿಮಾದವರ ಒಂದು ಸುಲಭೋಪಾಯವನ್ನು ಗಮನಿಸಬೇಕು. ತಂದೆ ಗೊತ್ತುಮಾಡಿದ ಕುಲಜೀತನನ್ನು ಅವರು ಒರಟನನ್ನಾಗಿ, ಹೆಣ್ಣನ್ನು ಕೇವಲವಾಗಿ ಕಾಣುವವನನ್ನಾಗಿ ಮಾಡಿಬಿಟ್ಟಿದ್ದಾರೆ. ಅವನು ಯೋಗ್ಯನೇ ಆಗಿದ್ದರೆ ನೋಡುವವರು ಯಾರ ಪಕ್ಷವನ್ನು ವಹಿಸುತ್ತಿದ್ದರು? 1999ರಲ್ಲಿ ಸಂಜಯ್ ಲೀಲಾ ಬನ್ಸಾಲಿ ತೆಗೆದ ‘ಹಮ್ ದಿಲ್ ದೇ ಚುಕೇ ಸನಮ್’ ಎಂಬ ಚಿತ್ರದಲ್ಲಿ ಹಿರಿಯರು ಆರಿಸಿದ ಗಂಡನು ಸತ್ಪುರುಷ. ಹೆಂಡತಿಯನ್ನು ಅವಳ ಪ್ರಿಯನಿಗೆ ಒಪ್ಪಿಸಲು ತಾನೇ ಇಟಲಿಯವರೆಗೆ ಕರೆದೊಯ್ಯುತ್ತಾನೆ. ಅವಳು ಕೊನೆಗೆ ಗಂಡನ ಬಳಿಯೇ ನಿಲ್ಲುತ್ತಾಳೆ. ಒಬ್ಬರು ವರನನ್ನು ಕೆಡಿಸಿ ಪ್ರೇಮವನ್ನು ಗೆಲ್ಲಿಸಿದರು. ಇನ್ನೊಬ್ಬರು ವರನನ್ನು ದೇವತೆಯನ್ನಾಗಿಸಿ ಮದುವೆಯನ್ನು ಗೆಲ್ಲಿಸಿದರು. ನಿಜವಾದ ಸಂಸಾರದಲ್ಲಿ ಇಬ್ಬರು ಹುಡುಗರೂ ಸಾಧಾರಣವಾಗಿ ಒಳ್ಳೆಯವರೇ ಆಗಿರುತ್ತಾರೆ. ಕಷ್ಟವಿರುವುದು ಅಲ್ಲಿ.

ನಾನು ಆಗದೆಂದೆನು. ಅವಳು ಅಳಲಿಲ್ಲ, ಕೂಗಲಿಲ್ಲ. “ಆಗಲಿ ಅಪ್ಪ, ಕಾಯುತ್ತೇನೆ. ನೀನೇ ಹೇಳಿದ್ದೆಯಲ್ಲ, ಹಿರಿಯರ ಮನಸ್ಸನ್ನು ಗೆಲ್ಲಬೇಕೆಂದು” ಎಂದಳು. ಹದಿನೈದು ವರ್ಷಗಳ ಹಿಂದೆ ನಾನು ಬಿತ್ತಿದ ಬೀಜ! ಅದರ ಫಲವನ್ನು ಉಣ್ಣಲು ನಾನು ಸಿದ್ಧನಾಗಿರಲಿಲ್ಲ.

ಅವಳು ಕಾದಳು. ಹಬ್ಬಕ್ಕೆ ಬಂದಳು, ಹೋದಳು. ಆ ಹುಡುಗನೂ ಒಮ್ಮೆ ಬಂದು, ಜಗಲಿಯ ಮೇಲೆ ಅರ್ಧ ಗಂಟೆ ಕುಳಿತು, ಕಾಫಿ ಕುಡಿದು, ನಮಸ್ಕಾರ ಮಾಡಿ ಹೋದನು. ನಾನು ಮಳೆಬೆಳೆಯ ವಿಷಯವನ್ನು ಬಿಟ್ಟು ಬೇರೇನನ್ನೂ ಮಾತನಾಡಲಿಲ್ಲ. ನನ್ನ ನಿರಾಕರಣೆಗೆ ಕಾರಣವೇನೆಂದು ರಾತ್ರಿಯ ಹೊತ್ತು ನನ್ನನ್ನು ನಾನೇ ಕೇಳಿಕೊಂಡದ್ದುಂಟು. ಜಾತಿಯೆ? ಇರಬಹುದು. ಗೆಳೆಯನಿಗೆ ಕೊಟ್ಟ ಅರ್ಧ ಮಾತೆ? ಅದೂ ಸ್ವಲ್ಪ ಇದ್ದಿತು. ಆದರೆ ಒಳಗಿನ ಮಾತೆಂದರೆ, ನನ್ನನ್ನು ಕೇಳದೆ ಅವಳು ಒಂದು ಸುಖವನ್ನು ಕಂಡುಕೊಂಡಳೆಂಬುದೇ ನನಗೆ ಚುಚ್ಚುತ್ತಿದ್ದಿತು. ಪರ ಊರಿನ ಅಂಗಡಿಗೆ ಹೋಗಿ ಅವಳಿಗೆ ಲಂಗದ ಬಟ್ಟೆಯನ್ನು ಆರಿಸಿದವನು ನಾನು. ಅವಳ ಶಾಲೆಯನ್ನು, ಕಾಲೇಜನ್ನು ಆರಿಸಿದವನು ನಾನು. ಇದೊಂದನ್ನು ಆರಿಸಲು ನಾನು ಬೇಡವಾದೆನೆ? ಈ ಅಭಿಮಾನಕ್ಕೆ ನಾನು ಧರ್ಮವೆಂದು ಹೆಸರಿಟ್ಟುಕೊಂಡಿದ್ದೆನು.

ಹೀಗೆ ಎರಡು ವರ್ಷಗಳಾದುವು. 2013ರ ಒಂದು ಭಾನುವಾರ ಮಧ್ಯಾಹ್ನ ದೂರದರ್ಶನದ ಪೆಟ್ಟಿಗೆಯಲ್ಲಿ ಅದೇ ಚಿತ್ರ ಬಂದಿತು. ಮನೆಯಲ್ಲಿ ಇದ್ದವರು ನಾವಿಬ್ಬರೇ. ಮನೆಯಾಕೆ ಹುರುಳಿಕಾಯಿಯ ನಾರು ತೆಗೆಯುತ್ತ ಕುಳಿತಿದ್ದಳು. ತಾಯಿಯಾದ ಲಾಜೋ ಮಗಳ ಕೋಣೆಗೆ ಬರುವ ದೃಶ್ಯ. ಹುಡುಗಿಯಾಗಿದ್ದಾಗ ಗಂಡಿಗೂ ಹೆಣ್ಣಿಗೂ ಭೇದವಿಲ್ಲವೆಂದು ತನ್ನ ಅಜ್ಜ ಹೇಳುತ್ತಿದ್ದುದನ್ನು ಅವಳು ನೆನೆಯುತ್ತಾಳೆ. ಬೆಳೆದ ಮೇಲೆ ಅಣ್ಣತಮ್ಮಂದಿರ ಓದಿಗಾಗಿ ತನ್ನ ಓದು ನಿಂತಿತು. ಮಗಳಾಗಿ, ತಂಗಿಯಾಗಿ, ಹೆಂಡತಿಯಾಗಿ ಬಿಟ್ಟುಕೊಡುತ್ತಲೇ ಬಂದೆನು. ನೀನು ಹುಟ್ಟಿದಾಗ ನಿನಗೆ ಈ ಗತಿ ಬರಕೂಡದೆಂದು ಸಂಕಲ್ಪ ಮಾಡಿದ್ದೆನು. ಈಗ ಅದನ್ನೂ ಮುರಿದು, ಅವನನ್ನು ಮರೆತುಬಿಡೆಂದು ನಿನ್ನನ್ನು ಬೇಡಲು ಬಂದಿದ್ದೇನೆ ಎಂದು ಮಗಳ ಮುಂದೆ ಸೆರಗೊಡ್ಡುವಂತೆ ನಿಲ್ಲುತ್ತಾಳೆ. ಮೊದಲನೆಯ ಸಲ ನಾನಿದನ್ನು ಹೇಗೆ ನೋಡಿದೆನೋ ಕಾಣೆ. ನನಗೆ ನೆನಪೇ ಇರಲಿಲ್ಲ. ಮನೆಯಾಕೆಯ ಕೈ ನಿಂತಿತ್ತು. ಅವಳೂ ಎಸ್.ಎಸ್.ಎಲ್.ಸಿ.ಯಲ್ಲಿ ಮೊದಲನೆಯ ದರ್ಜೆಯಲ್ಲಿ ತೇರ್ಗಡೆಯಾದವಳು. ತಮ್ಮನ ಕಾಲೇಜಿನ ಖರ್ಚು ಬಂದುದರಿಂದ ಅವಳ ಓದು ಅಲ್ಲಿಗೇ ನಿಂತಿತ್ತು. ಅದು ನನಗೆ ಗೊತ್ತಿದ್ದ ವಿಷಯ. ಗೊತ್ತಿದ್ದಿತು, ಅಷ್ಟೆ.

ಮುಂದೆ ಇನ್ನೊಂದು ದೃಶ್ಯ ಬಂದಿತು. ರಾಜನನ್ನೂ ಮಗಳನ್ನೂ ಒಟ್ಟಿಗೆ ಕಂಡ ಅದೇ ತಾಯಿ ತನ್ನ ಒಡವೆಗಳನ್ನು ತಂದು ಅವರ ಕೈಗೆ ಹಾಕಿ, ಇವಳನ್ನು ಕರೆದುಕೊಂಡು ದೂರ ಹೋಗಿಬಿಡು ಎನ್ನುತ್ತಾಳೆ. ಅವನು ಒಪ್ಪುವುದಿಲ್ಲ, ತಂದೆಯ ಒಪ್ಪಿಗೆಯಿಲ್ಲದೆ ಹೋಗಲಾರೆನೆನ್ನುತ್ತಾನೆ. ನಾನು ಅಭ್ಯಾಸಬಲದಿಂದ, “ಎಂಥ ಹುಡುಗ ನೋಡು!” ಎಂದೆನು.

ಮನೆಯಾಕೆ ಕಾಯಿಯ ತಟ್ಟೆಯನ್ನು ಕೆಳಗಿಟ್ಟಳು. “ಅವನು ಒಳ್ಳೆಯ ಹುಡುಗನೇ. ಆದರೆ ಹೆತ್ತತಾಯಿ ಒಪ್ಪಿ, ಒಡವೆಯನ್ನೂ ಕೊಟ್ಟು, ಹರಸಿ ಆಯಿತಲ್ಲ! ಅದು ಒಪ್ಪಿಗೆಯಲ್ಲವೇನು? ಅವನಿಗೂ ಅದು ಲೆಕ್ಕಕ್ಕೆ ಬರಲಿಲ್ಲ, ಕಥೆ ಬರೆದವರಿಗೂ ಬರಲಿಲ್ಲ” ಎಂದಳು.

ನಾನು ಸುಮ್ಮನಿದ್ದೆನು. ಸ್ವಲ್ಪ ಹೊತ್ತಾದ ಮೇಲೆ ಅವಳೇ ಹೇಳಿದಳು: “ಅವತ್ತು ಸಂಜೆಯೇ ನಾನು ಮಗಳಿಗೆ ಹೇಳಿದ್ದೆ, ನನ್ನ ಒಪ್ಪಿಗೆ ಇದೆ ಅಂತ. ಅಪ್ಪ ಒಪ್ಪದೆ ಬೇಡಮ್ಮ ಅಂದಳು. ಎರಡು ವರ್ಷದಿಂದ ನನ್ನ ಒಪ್ಪಿಗೆ ಈ ಮನೆಯಲ್ಲೇ ಬಿದ್ದಿದೆ. ಎತ್ತಿಕೊಳ್ಳುವವರು ಯಾರೂ ಇಲ್ಲ.”

ಅವಳ ಸ್ವರದಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನು ಉತ್ತರ ಕೊಡುತ್ತಿದ್ದೆನೇನೋ. ಇಪ್ಪತ್ತೊಂಬತ್ತು ವರ್ಷ ನನ್ನೊಡನೆ ಬಾಳಿದವಳು, ಒಂದು ಪ್ರಶ್ನೆಯನ್ನು ಎರಡು ವರ್ಷ ಹೊತ್ತುಕೊಂಡಿದ್ದು, ಹುರುಳಿಕಾಯಿಯ ತಟ್ಟೆಯ ಜೊತೆಗೆ ಅದನ್ನೂ ಕೆಳಗಿಟ್ಟಳು. ಮಗಳ ಮದುವೆಯ ವಿಷಯದಲ್ಲಿ ನಿನ್ನ ಅಭಿಪ್ರಾಯವೇನೆಂದು ಆ ಎರಡು ವರ್ಷಗಳಲ್ಲಿ ಒಂದು ದಿನವೂ ನಾನು ಅವಳನ್ನು ಕೇಳಿರಲಿಲ್ಲ. ‘ನಾವು ಒಪ್ಪಿಲ್ಲ’ ಎಂದು ನೆಂಟರ ಮುಂದೆ ಹೇಳುತ್ತಿದ್ದೆನು. ಆ ‘ನಾವು’ ಎಂಬುದರಲ್ಲಿ ಇದ್ದವನು ನಾನೊಬ್ಬನೇ.

ಅಷ್ಟರಲ್ಲಿ ತೆರೆಯ ಮೇಲೆ ರೈಲುನಿಲ್ದಾಣ ಬಂದಿತ್ತು. ಮೊದಲು ನೋಡಿದಾಗ ನನ್ನ ಕಣ್ಣು ತಂದೆಯ ಮುಖದ ಮೇಲಿತ್ತು; ಅವನ ಔದಾರ್ಯವನ್ನು ಕಂಡು ಅತ್ತಿದ್ದೆನು. ಈ ಸಲ ನಾನು ನೋಡಿದ್ದು ಅವನು ಹಿಡಿದ ಮಣಿಕಟ್ಟನ್ನು. ಅವನು ಎಷ್ಟು ತಡಮಾಡಿದನು! ಗಾಡಿ ಹೊರಟ ಮೇಲೆ ಬಿಟ್ಟನು. ಅವಳು ಓಡಿ ಹಿಡಿಯಬೇಕಾಯಿತು. ಒಂದು ನಿಮಿಷ ಮೊದಲು ಬಿಟ್ಟಿದ್ದರೆ ನಡೆದುಕೊಂಡು ಹೋಗಿ ಹತ್ತುತ್ತಿದ್ದಳು. ಒಂದು ನಿಮಿಷ ಕಳೆದು ಬಿಟ್ಟಿದ್ದರೆ, ಆ ಬಿಟ್ಟ ಕೈಯಿಂದ ಯಾರಿಗೂ ಏನೂ ಪ್ರಯೋಜನವಾಗುತ್ತಿರಲಿಲ್ಲ. ಸಿನಿಮಾದವರು ಗಾಡಿಯನ್ನು ಬೇಕಾದಷ್ಟು ನಿಧಾನವಾಗಿ ಓಡಿಸಬಲ್ಲರು. ನಮ್ಮ ಊರಿನ ಗಾಡಿಗಳು ಹಾಗೆ ಓಡುವುದಿಲ್ಲ.

ತಂದೆಯ ಪಕ್ಷದಲ್ಲಿ ಹೇಳಬೇಕಾದ ಮಾತೂ ಇದೆ. ರಾಜ್ ಆ ಮನೆಯನ್ನು ಹೊಕ್ಕದ್ದು ವೇಷದಿಂದ. ಕುಲಜೀತನ ತಂಗಿ ಅವನೇ ತನ್ನ ವರನೆಂದು ನಂಬಿ ಆಸೆಪಟ್ಟಳು. ಅವಳ ಆಸೆ ಏನಾಯಿತೆಂದು ಕಥೆ ತಿರುಗಿ ನೋಡುವುದಿಲ್ಲ. ಲಂಡನ್ನಿನಲ್ಲಿ ತಲೆನೋವಿನ ಮಾತ್ರೆಯ ನೆಪ ಹೇಳಿ, ಮುಚ್ಚಿದ ಅಂಗಡಿಯನ್ನು ತೆರೆಸಿ, ಬಿಯರನ್ನು ಎತ್ತಿಕೊಂಡು ಓಡಿದ ಹುಡುಗನನ್ನು ಯಾವ ತಂದೆ ತಾನೆ ನಂಬುವನು? ಬಲದೇವಸಿಂಗನ ಭಯ ನಿರಾಧಾರವಾದುದಲ್ಲ. ಮಗಳು ಕೆಡುವಳೆಂಬ ಭಯ ಎಲ್ಲ ತಂದೆಯರಿಗೂ ಉಂಟು; ಅದು ಪ್ರೀತಿಯ ಒಂದು ರೂಪವೇ. ಆದರೆ ಹಿಡಿದ ಕೈ ಬೀಳದಂತೆ ಕಾಯುತ್ತಿದೆಯೋ, ಹೋಗದಂತೆ ತಡೆಯುತ್ತಿದೆಯೋ ಎಂಬುದು ಹಿಡಿದವನಿಗೆ ಮಾತ್ರ ತಿಳಿಯುವುದಿಲ್ಲ.

ಆ ಸಂಜೆ ನಾನು ಮಗಳಿಗೆ ಟೆಲಿಫೋನು ಮಾಡಿದೆನು. ಏನು ಹೇಳಬೇಕೆಂದು ತೋರದೆ, “ಅಮ್ಮ ಒಪ್ಪಿದ್ದಾಳಂತೆ” ಎಂದೆನು. ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ನಿನಗೆ ಈಗ ಗೊತ್ತಾಯಿತೇ ಅಪ್ಪ?” ಎಂದಳು.

ಮದುವೆಯನ್ನು 1954ರ ವಿಶೇಷ ವಿವಾಹ ಕಾಯಿದೆಯಂತೆ ನೋಂದಾಯಿಸಿದೆವು. ಅದಕ್ಕೆ ಮೊದಲು ಕಚೇರಿಯ ಹಲಗೆಯ ಮೇಲೆ ಮೂವತ್ತು ದಿನಗಳ ನೋಟೀಸು ಇರಬೇಕು. “ಇನ್ನೂ ಒಂದು ತಿಂಗಳು ಕಾಯಬೇಕಲ್ಲ!” ಎಂದು ನಾನು ಚಡಪಡಿಸಿದಾಗ ಅಳಿಯನಾಗುವವನು ನಕ್ಕನು. ನನಗೂ ನಗು ಬಂದಿತು, ನಾಚಿಕೆಯೂ ಆಯಿತು. ಗೆಳೆಯನ ಮನೆಗೆ ನಾನೇ ಹೋಗಿ ವಿಷಯವನ್ನು ತಿಳಿಸಿದೆನು. ಅವನು ನನ್ನಷ್ಟು ಕಷ್ಟಪಡಲಿಲ್ಲ. ಮದುವೆಗೆ ಬಂದು ಮಗನೊಡನೆ ಊಟಕ್ಕೂ ಕುಳಿತನು.

ಕಚೇರಿಯ ಕೆಲಸ ಮುಗಿದ ಮೇಲೆ, ಎರಡು ಮನೆಯವರೂ ಬಯಸಿದಂತೆ, ನಮ್ಮ ಅಂಗಳದಲ್ಲಿ ಚಿಕ್ಕ ಚಪ್ಪರ ಹಾಕಿ ಧಾರೆಯೆರೆದೆವು. ನೂರಾರು ಮದುವೆಗಳನ್ನು ನೋಡಿದ್ದರೂ ನಾನು ಗಮನಿಸದಿದ್ದ ಒಂದು ವಿಷಯವನ್ನು ಅಂದು ಗಮನಿಸಿದೆನು. ಮಗಳ ಕೈಯನ್ನು ವರನ ಕೈಯಲ್ಲಿಡುವವನು ತಂದೆಯೇನೋ ಹೌದು; ಆದರೆ ಗಿಂಡಿಯನ್ನು ಹಿಡಿದು ನೀರನ್ನು ಎರೆಯುವವಳು ತಾಯಿ. ಆ ನೀರು ಬೀಳದೆ ಧಾರೆಯಾಗದು. ಶಾಸ್ತ್ರವನ್ನು ಬರೆದವರಿಗೆ ತಿಳಿದಿದ್ದ ಸಂಗತಿ ಸಿನಿಮಾದವರಿಗೂ ತಿಳಿಯಲಿಲ್ಲ, ನನಗೂ ತಿಳಿದಿರಲಿಲ್ಲ.

ಮನೆಯಾಕೆ ನೀರೆರೆದಳು. ನನ್ನ ಬೆರಳುಗಳು ಮಗಳ ಕೈಯ ಕೆಳಗೆ ಇನ್ನೂ ಇದ್ದುವು. ಪುರೋಹಿತರು ಎರಡು ಸಲ ಕಣ್ಸನ್ನೆ ಮಾಡಿದರು. ಆಮೇಲೆ ಅವಳೇ ಗಿಂಡಿಯನ್ನು ಎಡಗೈಗೆ ತೆಗೆದುಕೊಂಡು, ಬಲಗೈಯಿಂದ ನನ್ನ ತೋಳನ್ನು ಮೆಲ್ಲನೆ ಮುಟ್ಟಿ, “ಇನ್ನು ಬಿಡಿ” ಎಂದಳು.

ಬಿಟ್ಟೆನು.